ಮುಂದಿನ ಎರಡು ಚಕ್ರಗಳಿಗೆ ಶಕ್ತಿ ಒದಗಿಸಿದ ಬಗ್ಗೆ

ಕೂಟಗಲ್ ಹೋಬಳಿಯ ಬೈರಪ್ಪನ ಪಿಕಪ್ ಗಾಡಿ ಜಿಲ್ಲೆಯಲ್ಲೇ ಅತಿ ಎತ್ತರದ್ದು ಎಂಬ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ಮೈಸೂರು ರಸ್ತೆಯ ಕಾರ್ಖಾನೆಯೊಂದಕ್ಕೆ ಬಂದಿದ್ದ ಪರದೇಶದವನ ಜೀಪು ನೋಡಿದ್ದೇ ತಡ, ಬೈರಪ್ಪ ರಾಮನಗರದ ಗಫಾರ್ ಮೇಸ್ತ್ರಿಯ ಗ್ಯಾರೇಜಿಗೆ ಹೋಗಿ, ಕಮಾನು ಸ್ಪ್ರಿಂಗಿಗೆ ಪಟ್ಟಿ ಸೇರಿಸಿ, ದೊಡ್ಡ ಟೈರು ಹಾಕಿಸಿ, ತನ್ನ ಗಾಡಿಯನ್ನೂ ಎತ್ತರಿಸಿಕೊಂಡಿದ್ದ. ಹೆಂಡತಿ ಅಂಬುಜಮ್ಮ ಅದನ್ನು ಹತ್ತಬೇಕಾದರೆ ರಾಗಿ ಡಬ್ಬ ಬೋರಲು ಹಾಕಿಕೊಳ್ಳುತ್ತಿದ್ದಳು. ಎತ್ತರವೇನೋ ಬಂತು; ದುಡಿಯುವುದು ಮಾತ್ರ ಹಿಂದಿನ ಎರಡೇ ಚಕ್ರ. ಮುಂದಿನವು ಮದುವೆಗೆ ಬಂದ ಬೀಗರ ಹಾಗೆ ಸುಮ್ಮನೆ ಜೊತೆಗೆ ಬರುತ್ತಿದ್ದವು.

ಆಗ ಜಿಲ್ಲೆ ಹೊಸದು. ಹೊಸ ಜಿಲ್ಲೆಗೆ ಹೊಸ ಕಚೇರಿ ಬೇಕು, ಹೊಸ ಕಚೇರಿಗೆ ಏನಾದರೂ ಕೆಲಸ ಬೇಕು. ಹೀಗೆ ಬೆಟ್ಟ ಪರಿಶೀಲನಾ ಮಂಡಳಿ ಹುಟ್ಟಿತು. ಕಲ್ಲು ಕ್ವಾರಿಗಳು ಹೆಚ್ಚಿದ ಕಾರಣ, ಬೆಟ್ಟಗಳು ನಿನ್ನೆ ಇದ್ದಲ್ಲೇ ಇವತ್ತೂ ಇವೆಯೇ ಎಂದು ನೋಡಿಬಂದು ವರದಿ ಸಲ್ಲಿಸುವುದು ಅದರ ಘನ ಉದ್ದೇಶ. ಸಾವನದುರ್ಗದ ತನಕ ಓಡಾಡಲು ಬಾಡಿಗೆ ಗಾಡಿಗೆ ಪ್ರಕಟಣೆ ಹೊರಡಿಸಿದರು. ‘ವಾಹನದ ನಾಲ್ಕೂ ಚಕ್ರಗಳಿಗೆ ಶಕ್ತಿ ಒದಗಿಸಿರತಕ್ಕದ್ದು’ ಎಂಬುದೊಂದೇ ಷರತ್ತು.

ಬೈರಪ್ಪ ಅರ್ಜಿ ಹಾಕಿ ಮತ್ತೆ ಗಫಾರ್ ಹತ್ತಿರ ಓಡಿದ. ಗುಜರಿಗೆ ಬಂದಿದ್ದ ಮಿಲಿಟರಿ ಜೀಪೊಂದರ ಮುಂದಿನ ಆಕ್ಸಲ್ಲನ್ನೂ ಗೇರ್ ಪೆಟ್ಟಿಗೆಯನ್ನೂ ಗಫಾರ್ ತೋರಿಸಿದ.

“ಇದನ್ನ ಕೂರ್ಸುದ್ರೆ ಗಾಡಿ ಗೋಡೆ ಹತ್ತುತೈತೆ ಅಣ್ಣ. ಒಂದ್ ಜೊತೆ ಎತ್ತಿನ ರೇಟ್ ಬೀಳ್ತೈತೆ, ಅಷ್ಟೇ.”

ಬೈರಪ್ಪನ ಹತ್ತಿರ ಇದ್ದದ್ದೂ ಸರಿಯಾಗಿ ಒಂದು ಜೊತೆ ಎತ್ತು. ಆದರೆ ಆ ಕರಿಯ, ಬಿಳಿಯರನ್ನು ಕರುಗಳಾಗಿದ್ದಾಗಿನಿಂದ ಸಾಕಿದವಳು ಅಂಬುಜಮ್ಮ.

“ಆ ಗಾಡಿ ಕೆಸ್ರಲ್ಲಿ ಕೂತಾಗೆಲ್ಲಾ ಎಳ್ದೋರ್ ಯಾರು? ನನ್ ಎತ್ಗೊಳು. ಅವನ್ನೇ ಮಾರಿ ಅದ್ಕೆ ಸಿಂಗಾರ ಮಾಡ್ತೀಯಾ?”

“ತಿಂಗ್ಳು ತಿಂಗ್ಳು ಸರ್ಕಾರಿ ಬಾಡ್ಗೆ ಬತ್ತೈತೆ ಕಣೇ.”

“ಬರ್ಲಿ. ಕೊಟ್ಟಿಗೆ ಬಾಗ್ಲಲ್ಲಿ ನಾನ್ ಮಲಗಿರ್ತೀನಿ. ದಾಟ್ಕಂಡ್ ಹೊಡ್ಕಂಡೋಗು.”

ಆದರೂ ಬೈರಪ್ಪ ದನದ ದಲ್ಲಾಳಿ ಲಿಂಗಯ್ಯನಿಗೆ ಸೋಮವಾರ ಬರಲು ಹೇಳಿಯೇಬಿಟ್ಟ.

ಸೋಮವಾರ ಲಿಂಗಯ್ಯನಿಗಿಂತ ಮೊದಲು ಬಂದವರು ಮಂಡಳಿಯ ವಾಹನ ಪರಿವೀಕ್ಷಕ ಅನಂತರಾಜು. ಸಾಹೇಬರಿಗೂ ಅವಸರವಿತ್ತು. ಬೈರಪ್ಪನೊಬ್ಬನೇ ಅರ್ಜಿದಾರ, ಗಾಡಿಯಿಲ್ಲದಿದ್ದರೆ ಪ್ರವಾಸವಿಲ್ಲ, ಪ್ರವಾಸವಿಲ್ಲದಿದ್ದರೆ ಭತ್ಯೆಯಿಲ್ಲ.

“ಕೆರೆ ಅಂಗಳದಲ್ಲಿ ಒಂದು ಸುತ್ತು ಹೊಡೀರಿ, ನೋಡೋಣ” ಎಂದು ಹತ್ತಿ ಕುಳಿತರು.

ಗಾಡಿ ಅರ್ಧ ಸುತ್ತು ಹೊಡೆದು ಕೆಸರಲ್ಲಿ ಕೂತಿತು. ಹಿಂದಿನ ಚಕ್ರಗಳು ಊರಿಗೆಲ್ಲ ಸಾಕಾಗುವಷ್ಟು ರೊಚ್ಚೆ ಎರಚಿದವು. ಸಾಹೇಬರು ಕೆಳಗೆ ನೋಡಿದರು, ತಮ್ಮ ಹೊಸ ಬೂಟು ನೋಡಿಕೊಂಡರು, ರಾಗಿ ಡಬ್ಬ ಇಲ್ಲದ್ದರಿಂದ ಅಲ್ಲೇ ಕೂತರು. ಮಾನ ಹೋಯಿತೆಂದು ಬೈರಪ್ಪ ತಲೆ ತಗ್ಗಿಸಿದ. ಅಷ್ಟರಲ್ಲಿ ಅಂಬುಜಮ್ಮ ಎತ್ತುಗಳನ್ನು ಹೊಡೆದುಕೊಂಡು ಬಂದು, ಮುಂಭಾಗಕ್ಕೆ ಹಗ್ಗ ಬಿಗಿದಳು. ಕರಿಯ, ಬಿಳಿಯ ಒಮ್ಮೆ ಉಸಿರೆಳೆದು ಮುಂದಕ್ಕೆ ಜಗ್ಗಿದರು. ಗಾಡಿ ದಡಕ್ಕೆ ಬಂತು.

ಅನಂತರಾಜು ಗಂಭೀರವಾಗಿ ವಿಚಾರಣೆ ಆರಂಭಿಸಿದರು.

“ಹಿಂದಿನ ಚಕ್ರಕ್ಕೆ ಶಕ್ತಿ ಎಲ್ಲಿಂದ?”

“ಇಂಜಿನ್ನಿಂದ ಸಾ.”

“ಮುಂದಿನದಕ್ಕೆ?”

“ಎತ್ಗೊಳಿಂದ ಸಾ. ತಪ್ಪಾಯ್ತು.”

“ಒಟ್ಟು ಎಷ್ಟು ತಿರುಗಿದವು?”

“ನಾಕೂ ಸಾ.”

“ಮತ್ತೇನ್ರೀ ತಪ್ಪು? ಶಕ್ತಿ ಇರಬೇಕು ಅಂತ ಷರತ್ತು. ಅದು ಹುಲ್ಲು ತಿನ್ನಬಾರದು ಅಂತ ಎಲ್ಲಿದೆ?”

ಆದೇಶ ಹೊರಟಿತು: ‘ಸದರಿ ಎತ್ತುಗಳನ್ನು ವಾಹನದ ಅವಿಭಾಜ್ಯ ಅಂಗವೆಂದು ಪರಿಗಣಿಸಲಾಗಿದೆ. ಅವುಗಳನ್ನು ಬಿಚ್ಚುವುದು, ಮಾರುವುದು ಅಥವಾ ವಾಹನವಿಲ್ಲದೆ ಒಂಟಿಯಾಗಿ ಸಂಚರಿಸಲು ಬಿಡುವುದು ದಂಡನಾರ್ಹ.’

ಲಿಂಗಯ್ಯ ಆದೇಶ ಓದಿಸಿ ಕೇಳಿ, “ಆರ್‌ಸಿ ಬುಕ್ ಇರೋ ಎತ್ತು ನಂಗ್ಯಾಕ್ಲಾ?” ಎಂದು ಟವೆಲ್ ಕೊಡವಿಕೊಂಡು ಹೊರಟುಹೋದ. ಹೊಗೆ ತಪಾಸಣೆಯಲ್ಲಿ ಇಂಜಿನ್ ಫೇಲಾಯಿತು, ಎತ್ತುಗಳು ಪಾಸಾದವು. ಸರಾಸರಿ ಹಿಡಿದು ಸರ್ಟಿಫಿಕೇಟ್ ಕೊಟ್ಟರು. ಹುಲ್ಲು ಇಂಧನದ ಲೆಕ್ಕಕ್ಕೆ ಸೇರಿತು; ಅದರಲ್ಲಿ ಅರ್ಧ ಅನಂತರಾಜು ಅವರ ಮನೆಯ ಹಸುವಿಗೆ ಹೋಗುತ್ತದೆ. ಮಾಮೂಲನ್ನು ಮೊದಲು ಚಕ್ರಕ್ಕೆ ಇಷ್ಟೆಂದು ಕೊಡಬೇಕಿತ್ತು, ಈಗ ಗೊರಸಿಗೂ ಕೊಡಬೇಕು. ಗಾಡಿ ಸಾವನದುರ್ಗ ಮುಟ್ಟುವ ಹೊತ್ತಿಗೆ ಕತ್ತಲಾಗುವುದರಿಂದ ‘ಬೆಟ್ಟ ಇದ್ದಂತಿದೆ’ ಎಂದು ವರದಿ ಹೋಗುತ್ತದೆ. ಮಾಗಡಿ, ಕನಕಪುರದ ಪಿಕಪ್ಪಿನವರೂ ಈಗ ಗಫಾರ್ ಗ್ಯಾರೇಜಿಗೆ ಬಂದು ಸಾಲು ನಿಲ್ಲುತ್ತಾರೆ. ಮಿಲಿಟರಿ ಆಕ್ಸಲ್ ತುಕ್ಕು ಹಿಡಿಯುತ್ತಿದೆ. ಅದರ ಮೇಲೆ ಒರಗಿಸಿಟ್ಟ ಬೋರ್ಡಿನಲ್ಲಿ ‘ಇಲ್ಲಿ ನೊಗ ಫಿಟ್ ಮಾಡಲಾಗುವುದು’ ಎಂದಿದೆ.

ಬೈರಪ್ಪನಿಗೆ ಬಾಡಿಗೆ ತಪ್ಪದೆ ಬರುತ್ತಿದೆ. ಹೊಲ ಉಳುವಾಗ ನೇಗಿಲಿನ ಹಿಂದೆ ಪಿಕಪ್ಪೂ ಬರುವುದನ್ನು ಈಗ ಯಾರೂ ನಿಂತು ನೋಡುವುದಿಲ್ಲ. ಬೆಳಿಗ್ಗೆ ಅವನು ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತರೆ, ಕೊಟ್ಟಿಗೆಯಲ್ಲಿ ಕರಿಯನ ಮೈ ತಿಕ್ಕುತ್ತಾ ಅಂಬುಜಮ್ಮ ಕೂಗುತ್ತಾಳೆ:

“ಕೇಳುಸ್ತಾ? ಎತ್ಗೊಳು ಬಾಯಾರ್ಕಂಡವೆ. ನೀರ್ಗೆ ಹೋಗ್ಬೇಕು, ಗಾಡಿ ಸ್ಟಾರ್ಟ್ ಮಾಡು!”

ಬೈರಪ್ಪ ಲೋಟ ಇಟ್ಟು ಕೀ ಹುಡುಕುತ್ತಾನೆ.