ನನ್ನನ್ನು ಕೇಳದೆ ಕೆಲಸಕ್ಕೆ ನಿಂತ ಪ್ರಿಂಟರ್ ಮಹಾಶಯರಿಗೆ

ಗ್ರಂಥಾಲಯದ ಎರಡನೆಯ ಮಹಡಿಯ ಕಿಟಕಿ ಪಕ್ಕದಲ್ಲಿ ವಿರಾಜಮಾನರಾಗಿರುವ ಮಾನ್ಯರೇ,

ಧೂಳು ತಮ್ಮ ಬಳಿ ಸುಳಿಯದಿರಲೆಂದು ಹಾರೈಸಿ, ನಡೆದ ಸಂಗತಿಗಳನ್ನು ಕ್ರಮವಾಗಿ ನಿವೇದಿಸುತ್ತೇನೆ.

೧. ಇಲ್ಲಿನ ಮೂವತ್ತೊಂದು ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸದ ಸಂಖ್ಯೆಯನ್ನು ಇಪ್ಪತ್ತಮೂರು ವರ್ಷಗಳಿಂದ ನಾನೇ ಕೈಯಾರೆ ಕೊಡುತ್ತ ಬಂದಿದ್ದೇನೆ.

೨. ಒಂದೇ ಸಂಖ್ಯೆ ಎರಡು ಯಂತ್ರಗಳಿಗೆ ಹೋದರೆ ಎರಡೂ ಕೆಡುತ್ತವೆಯಾದ್ದರಿಂದ, ಈ ಕೆಲಸವನ್ನು ಬೇರೆ ಯಾರಿಗೂ ಬಿಟ್ಟವನಲ್ಲ.

೩. ಕಳೆದ ಸೋಮವಾರ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದೆ.

೪. ಅಂದೇ ತಾವು ಆಗಮಿಸಿದಿರಿ. ಕಸ ಗುಡಿಸುವ ಅಮ್ಮ ತಮ್ಮ ತಂತಿಯನ್ನು ಗೋಡೆಗೆ ಸಿಕ್ಕಿಸಿದರು. ಐದೇ ನಿಮಿಷದಲ್ಲಿ ತಾವೇ ಒಂದು ಸಂಖ್ಯೆ ಹಿಡಿದು ಮುದ್ರಿಸತೊಡಗಿದಿರಿ.

ಮಂಗಳವಾರ ಬೆಳಿಗ್ಗೆ ಮುಖ್ಯ ಗ್ರಂಥಪಾಲಕಿಯವರು ನನ್ನನ್ನು ಕರೆದು, ಹೊಸ ಕಟ್ಟಡಕ್ಕೆ ಬರಲಿರುವ, ತಮ್ಮಂತೆಯೇ ಸಂಖ್ಯೆ ಹಿಡಿಯಬಲ್ಲ ನಲವತ್ತು ಕಂಪ್ಯೂಟರುಗಳಿಗೆ ಸಂಖ್ಯೆ ಕೊಡಲು ಒಬ್ಬ ಮನುಷ್ಯ ಬೇಕೇ ಬೇಡವೇ ಎಂದು ಶುಕ್ರವಾರದೊಳಗೆ ಬರೆದುಕೊಡಬೇಕೆಂದೂ, ಬೇಡವಾದರೆ ನನ್ನನ್ನು ಪುಸ್ತಕ ವಿತರಣೆಯ ಕೌಂಟರಿಗೆ ಹಾಕುವುದಾಗಿಯೂ ತಿಳಿಸಿದರು. ಬೇಕೇಬೇಕು ಎಂದು ತೋರಿಸಿಕೊಡುವ ಹಟದಲ್ಲಿ ನಾನು ನೇರ ತಮ್ಮಲ್ಲಿಗೆ ಬಂದು, ತಮ್ಮ ಸ್ವಯಂಚಾಲಿತ ಬುದ್ಧಿಯನ್ನು ಬಂದ್ ಮಾಡಿ, ಪಟ್ಟಿ ನೋಡುವುದು ನನ್ನಂಥವನಿಗೆ ಅವಮಾನವೆಂದು ನೆನಪಿನಿಂದಲೇ ಹದಿನೇಳನೆಯ ಸಂಖ್ಯೆಯನ್ನು ದಯಪಾಲಿಸಿದೆ. ಹದಿನೇಳು ವಿತರಣೆಯ ಕಂಪ್ಯೂಟರಿನದು. ಅದನ್ನೂ ನಾನೇ ಕೊಟ್ಟಿದ್ದೆ.

ಮಧ್ಯಾಹ್ನದವರೆಗೆ ಒಂದು ಪುಸ್ತಕವೂ ಹೊರಗೆ ಹೋಗಲಿಲ್ಲ. ಸಾಲು ಮೆಟ್ಟಿಲು ಇಳಿಯಿತು. ಕೌಂಟರಿನ ಅಕ್ಕ ಎಲ್ಲರಿಗೂ ಕೇಳುವಂತೆ, "ನಿನ್ನೆ ನಿಮ್ಮ ಹಲ್ಲು ಕೆಟ್ಟಿತ್ತು, ನಮ್ಮ ಕಂಪ್ಯೂಟರ್ ಚೆನ್ನಾಗಿತ್ತು. ಇವತ್ತು ನೀವು ಚೆನ್ನಾಗಿದೀರ ಸಾರ್, ಅದಕ್ಕೇ ನಮಗೆ ಈ ಗತಿ!" ಎಂದರು. ತಪ್ಪನ್ನು ಕಂಡುಹಿಡಿಯಲು ನನಗೆ ಮೂರು ಗಂಟೆ ಬೇಕಾಯಿತೆಂಬುದನ್ನು ತಾವು ಗುಟ್ಟಾಗಿಟ್ಟಿದ್ದಕ್ಕೆ ಕೃತಜ್ಞ.

ಆಮೇಲಷ್ಟೇ ತಮ್ಮ ಕೈಪಿಡಿ ಓದಿದೆ. ತಾವು ಒಂದು ಸಂಖ್ಯೆಯನ್ನು ಹಿಡಿಯುವ ಮುನ್ನ, ಇದು ಯಾರದಾದರೂ ಆಗಿದೆಯೇ ಎಂದು ಮೂರು ಬಾರಿ ಎಲ್ಲರನ್ನೂ ವಿಚಾರಿಸುತ್ತೀರಂತೆ. ಯಾರಾದರೂ ನನ್ನದು ಎಂದರೆ ವಾದಿಸದೆ ಬೇರೆಡೆಗೆ ಸರಿಯುತ್ತೀರಂತೆ. ಮಾನ್ಯರೇ, ಇಪ್ಪತ್ತಮೂರು ವರ್ಷಗಳಲ್ಲಿ ನಾನು ಒಂದು ಯಂತ್ರವನ್ನೂ ಹೀಗೆ ಕೇಳಿದವನಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ನನ್ನಾಕೆ, "ಊಟಕ್ಕೆ ಯಾರು ಎಲ್ಲಿ ಕೂರಬೇಕು ಅಂತಾನೂ ನೀವೇ ಅಲ್ವೇನ್ರೀ ಹೇಳೋದು?" ಎಂದು ಸಾರು ಬಡಿಸುತ್ತಲೇ ವಿಷಯ ಮುಗಿಸಿದಳು. ಆದ್ದರಿಂದ ಬಿಡುವಾದಾಗ ನಮ್ಮ ಮನೆಗೆ ದಯಮಾಡಿಸಿ, ಕೂರುವ ಮುನ್ನ ಕೇಳುವುದು ಹೇಗೆಂದು ನನಗೆ ಪಾಠ ಹೇಳಬೇಕಾಗಿ ವಿನಂತಿ. ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತೇನೆ. ಬೆಂಚನ್ನು ಬೇಕಾದರೆ ತಾವೇ ಆರಿಸಿ.

ಇಂತಿ, ಬುದ್ಧಿ ತಡವಾಗಿ ಬಂದ,
ತಮ್ಮ ವಿಶ್ವಾಸಿ,
ಶುಕ್ರವಾರದವರೆಗೆ ನೆಟ್‌ವರ್ಕ್ ನಿರ್ವಾಹಕ

ತಾ.ಕ.: ತಮ್ಮೊಳಗೆ ಕಾಗದ ಸಿಕ್ಕಿಕೊಂಡರೆ ಅದನ್ನು ಎಳೆದು ತೆಗೆಯುವ ಕೈ ತಮಗಿನ್ನೂ ಮೊಳೆತಿಲ್ಲವೆಂದು ಕೈಪಿಡಿಯ ನಲವತ್ತನೆಯ ಪುಟದಲ್ಲಿದೆ, ಓದಿ ಎರಡು ನಿಮಿಷ ಹಿತವೆನಿಸಿತು. ಆದರೂ ಹೊಸ ಕಟ್ಟಡದಲ್ಲಿ ಸಂಖ್ಯೆ ಕೊಡಲು ಯಾರೂ ಬೇಡವೆಂದು ಬರೆದು, ಸಹಿ ಹಾಕಿ ಕೊಟ್ಟಿದ್ದೇನೆ. ಸೋಮವಾರದಿಂದ ಕೌಂಟರಿನಲ್ಲಿರುತ್ತೇನೆ.