ಭಾಗ್ಯವಂತಿಗೆ ಕೆಮ್ಮು

ಅತನೂರಿನ ದೌಲತರಾಯನ ಲಾರಿ ಕೆಮ್ಮಬಾರದ ದಿನವೇ ಕೆಮ್ಮಲು ಶುರುಮಾಡಿತು. ಹಣೆಯ ಮೇಲೆ ‘ಭಾಗ್ಯವಂತಿ’ ಎಂದು ಬರೆಸಿಕೊಂಡಿದ್ದ ಆ ಮುದಿ ಲಾರಿಯನ್ನು ಕೊಳ್ಳಲು ಅವತ್ತು ಸಂಜೆ ಜೇವರ್ಗಿಯಿಂದ ದೊಡ್ಡಪ್ಪ ಸಾಹುಕಾರರು ಬರುವವರಿದ್ದರು. ದಲ್ಲಾಳಿಯ ಮೂಲಕ ಕುದುರಿದ ವ್ಯವಹಾರ. ಸಾಹುಕಾರರ ಮುಖವನ್ನು ದೌಲತರಾಯ ಇನ್ನೂ ಕಂಡಿರಲಿಲ್ಲ. ಲಾರಿ ಮಾರಿಹೋದರೆ ಊರಲ್ಲೊಂದು ಕಿರಾಣಿ ಅಂಗಡಿ ಇಟ್ಟು, ಉಳಿದ ಆಯುಷ್ಯವನ್ನು ಫ್ಯಾನಿನ ಕೆಳಗೆ ಕಳೆಯಬೇಕೆಂಬುದು ಅವನ ಒಂದೇ ಆಸೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ್ದೇ ತಡ, ಇಂಜಿನ್ ಗಡಗಡ ನಡುಗಿ, ಹಿಂದಿನಿಂದ ಕಾಡಿಗೆಯಂಥ ಹೊಗೆ ಕಾರಿತು. ಎದುರುಮನೆಯ ಚಂದಮ್ಮ ಒಣಗಲು ಹಾಕಿದ್ದ ಶಾವಿಗೆಯೆಲ್ಲ ಕಪ್ಪಾಯಿತು.

“ಏ ದೌಲತಣ್ಣ, ನಿನ್ನ ಗಾಡಿಗಿ ಏನ್ ದಾಡಿ ಆಗ್ಯಾದ? ಈ ಶಾವಿಗಿ ಇನ್ನ ನೀನೇ ತಿನ್ನು!”

ಆ ಕೂಗಿಗೆ ಓಣಿಯೇ ಸೇರಿತು. ಮೊದಲು ಬಂದವನು ಪೀರಪ್ಪ. ಹಿಂದೊಮ್ಮೆ ನಾಲ್ಕು ತಿಂಗಳು ಟ್ರ್ಯಾಕ್ಟರ್ ಓಡಿಸಿದ್ದರಿಂದ ಎಲ್ಲ ಇಂಜಿನುಗಳಿಗೂ ತಾನೇ ವೈದ್ಯ ಎಂದು ತಿಳಿದಿದ್ದ.

“ಸೈಲೆನ್ಸರ್ ಕಟ್ಟ್ಯಾದ. ಬಿಚ್ಚಿ ಬಡೀರಿ!”

ಬಿಚ್ಚಿ ಬಡಿದರು. ಒಳಗಿನ ಮಸಿಯಷ್ಟೂ ಪೀರಪ್ಪನ ಬಿಳಿ ಅಂಗಿಗೆ ಬಂತು. ಕೆಮ್ಮು ಮಾತ್ರ ಹೋಗಲಿಲ್ಲ. ಈಗ ಊರ ಅಗಸಿ ಬಾಗಿಲವರೆಗೂ ಕೇಳತೊಡಗಿತು.

ಅಫಜಲಪುರದಿಂದ ಮೆಕ್ಯಾನಿಕ್ ಇಸ್ಮಾಯಿಲ ಉಸ್ತಾದ್ ಬಂದ. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ ಒರೆಸಿ ಹಾಕಿದ. ಫಲವಿಲ್ಲ. “ನಾಝಲ್ ಅಲ್ಲಂದ್ರ ಪಂಪ್. ಪಂಪ್ ಅಲ್ಲಂದ್ರ ಇಂಜಿನ್ನೇ ಇಳಸಬೇಕ್ರಿ” ಎಂದ. ಅವನು ಒಂದೊಂದು ಹೆಸರು ಹೇಳಿದಂತೆ ದೌಲತರಾಯನ ಕನಸಿನ ಫ್ಯಾನು ನಿಧಾನವಾಗುತ್ತ ಬಂತು.

ಮಧ್ಯಾಹ್ನದ ಬಸ್ಸಿನಿಂದ ಇಳಿದ ಧೋತರದ ಹಿರಿಯರೊಬ್ಬರು ಗುಂಪು ಕಂಡು ನಿಂತರು. ಹೊಗೆ ನೋಡಿದರು, ಮೂಸಿದರು.

“ಗಾಡಿ ನಿಮ್ಮದೇನ್ರಿ? ಮೊದಲಿಂದ ಏನೇನ್ ಆಗ್ಯಾದ, ಎಲ್ಲಾ ಖರೇ ಹೇಳ್ರಿ. ಮುಚ್ಚಿಟ್ರ ಕೆಲಸ ಆಗಂಗಿಲ್ಲ.”

ಕೇಳುವವರೊಬ್ಬರು ಸಿಕ್ಕರಲ್ಲ ಎಂದು ದೌಲತರಾಯನಿಗೆ ಕಣ್ಣಲ್ಲಿ ನೀರೇ ಬಂತು.

“ನಿಮಗ್ಯಾಕ ಸುಳ್ಳು ಹೇಳ್ಲಿ ಕಾಕಾ? ಬ್ಲಾಕ್ ಸೀಳಿತ್ತು, ವೆಲ್ಡಿಂಗ್ ಮಾಡಿಸಿ ಬಣ್ಣ ಹೊಡದೇನಿ. ಮೀಟರ್ ನಾನೇ ಹಿಂದಕ್ ತಿರುವೇನಿ. ರೇಡಿಯೇಟರ್ ಸೋರ್ತದ, ಅರಿಶಿಣ ಪುಡಿ ಹಾಕಿ ನಿಲ್ಲಿಸೇನಿ. ಮೂರನೇ ಗೇರ್ ತಾನೇ ಹಾರತದ, ಮೊಳಕಾಲಿಲೇ ಒತ್ತಿ ಹಿಡೀಬೇಕು.”

ಹಿರಿಯರು ಎಲ್ಲಕ್ಕೂ ತಲೆಯಾಡಿಸಿದರು. “ಇದು ಅವ್ಯಾವೂ ಅಲ್ಲ. ಉಸಿರು ಕಟ್ಟ್ಯಾದ” ಎನ್ನುತ್ತ ಬಾನೆಟ್ಟಿನೊಳಗೆ, ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ ಕೈ ಹಾಕಿದರು. ಹೊರಬಂದದ್ದು ಹಸಿರು ಕುಬಸದ ಖಣದ ಗಂಟು. ಒಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು: ತವರಿನಿಂದ ಹೊರಡುವ ಮಗಳ ಮಡಿಲಿಗೆ ತುಂಬುವ ಉಡಿ.

ದೌಲತರಾಯನ ಹೆಂಡತಿ ಮಲ್ಕಮ್ಮ ಒಳಗಿನಿಂದ ಓಡಿಬಂದಳು.

“ಅಯ್ಯಯ್ಯ, ಉಡಿ ಯಾಕ ತಗದ್ರಿ? ಇಷ್ಟ್ ವರ್ಷ ನಮಗ ಅನ್ನ ಹಾಕಿದಾಕಿ ಮನಿ ಬಿಟ್ಟು ಹೊಂಟಾಳ. ಬರೇ ಉಡಿಲೇ ಕಳಸ್ಬೇಕೇನು? ಘತ್ತರಗಿ ಭಾಗ್ಯವಂತಿ ಗುಡಿಯಾಗ ಖಣ ಮುಟ್ಟಿಸ್ಕೊಂಡು ಬಂದು ತುಂಬೇನಿ. ಗಾಡಿಗಿ ಉಡಿ ಎಲ್ಲದಂತ ನನಗೇನ್ ಗೊತ್ತು?”

ಇಂಜಿನ್ ಚಾಲೂ ಮಾಡಿದರು. ಹೊಗೆಯಿಲ್ಲ, ನಡುಕವಿಲ್ಲ. “ನಾನೂ ಇದನ್ನೇ ಹೇಳಾಕತ್ತಿದ್ದೆ” ಎಂದ ಪೀರಪ್ಪ.

ದೌಲತರಾಯ ಹಿರಿಯರಿಗೆ ಚಹಾ ಕುಡಿಸಿ, ಖುಷಿ ತಡೆಯಲಾರದೆ ಕಿವಿಯ ಹತ್ತಿರ ಬಾಗಿದ.

“ಇನ್ನ ಆ ಜೇವರ್ಗಿ ಸಾಹುಕಾರ ಬರ್ಲಿ ಕಾಕಾ. ಬಂಗಾರದಂಥ ಗಾಡಿ ಅಂತ ಹೇಳಿ ಅವನ ತಲಿಗಿ ಕಟ್ತೇನಿ.”

“ಬಂದಾನಲ್ಲ” ಎಂದರು ಹಿರಿಯರು, ಧೋತರದ ಚುಂಗಿನಿಂದ ಕೈ ಒರೆಸಿಕೊಳ್ಳುತ್ತ. “ನಾನೇ ದೊಡ್ಡಪ್ಪ. ಸಂಜೀ ಬಸ್ಸಿಂದು ಖಾತ್ರಿ ಇಲ್ಲಂತ ಲಗೂನೇ ಬಂದೆ.”

ದೌಲತರಾಯ ಗಡಬಡಿಸಿ ಅವರ ಲೋಟಕ್ಕೆ ಇನ್ನಷ್ಟು ಚಹಾ ಸುರಿದ. ಸಾಹುಕಾರರು ಸಿಟ್ಟಾಗಲಿಲ್ಲ, ಗಾಡಿ ಬೇಡವೆಂದಷ್ಟೇ ಹೇಳಿ ನಿಲ್ದಾಣಕ್ಕೆ ನಡೆದರು. ಅವರೆಂದಂತೆಯೇ ಸಂಜೆಯ ಬಸ್ಸು ಬರಲಿಲ್ಲ. “ನಮ್ಮ ಗಾಡಿ ರಿಪೇರಿ ಮಾಡಿಕೊಟ್ಟಾರ, ಮನೀಗಿ ಮುಟ್ಟಿಸಿ ಬರ್ರಿ” ಎಂದು ಮಲ್ಕಮ್ಮ ಗಂಡನನ್ನೇ ಅಟ್ಟಿದಳು.

ಜೇವರ್ಗಿಯಲ್ಲಿ ಅವರನ್ನು ಇಳಿಸುವಾಗ ದೌಲತರಾಯ ಕಡೆಯ ಆಸೆಯಿಂದ ಕೈ ಮುಗಿದ. “ಈ ಕಡೆ ಬ್ಯಾರೆ ಯಾರರೆ ಗಿರಾಕಿ ಇದ್ರ ನಮ್ಮ ಗಾಡಿ ಸುದ್ದಿ ಹೇಳ್ರಿ ಕಾಕಾ.”

“ಎಲ್ಲಾರಿಗೂ ಹೇಳ್ತೇನಿ” ಎಂದು ಸಾಹುಕಾರರು ಅವನ ಬೆನ್ನು ತಟ್ಟಿದರು. “ನೀವು ನನಗ ಹೇಳ್ದಂಗೇ, ಒಂದೂ ಬಿಡಲಾರದಂಗ ಹೇಳ್ತೇನಿ.”