ಮಲಕಾಜಪ್ಪ ಕಾಕಾರ ಮಣ್ಣು

“ಅಂದ್ರ ಎಲುವಿನ ಡಾಕ್ಟರೇನವಾ?”

“ಅಲ್ಲ ದೊಡ್ಡವ್ವಾ. ಎಲುವೂ ನೋಡತೇವಿ, ಆದ್ರ ಸತ್ತು ಸಾವಿರ ವರ್ಷ ಆಗಿರಬೇಕು.”

“ಅಷ್ಟು ತಡಾ ಮಾಡಿ ಹೋಗೂ ಡಾಕ್ಟರ್ ಯಾತಕ್ಕ ಬಂದಾನು?”

ಬೈಲಹೊಂಗಲದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನಮ್ಮ ರಾಚವ್ವ ದೊಡ್ಡವ್ವ ಮೂರು ದಿನದಿಂದ ಇದೇ ವಿಚಾರಣೆ ನಡೆಸಿದ್ದಳು. ಅವಳ ತಪ್ಪಲ್ಲ ಬಿಡಿ. ಪುರಾತತ್ವ ವಿಜ್ಞಾನ ಎಂದರೆ ಏನೆಂದು ಪುಣೆಯ ನಮ್ಮ ಕಾಲೇಜಿನಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ! ಫಿಸಿಕ್ಸ್, ಕೆಮಿಸ್ಟ್ರಿ, ಬಾಟನಿ, ಭೂಗರ್ಭಶಾಸ್ತ್ರ, ಇತಿಹಾಸ, ಐದನ್ನೂ ಕಲಸಿ ಉಣಿಸುವ ಡಿಗ್ರಿ. ಐದು ಮನೆಯ ಸೊಸೆ ನಾನು, ಆದರೆ ಯಾರ ಪಂಕ್ತಿಯಲ್ಲೂ ನನಗೆ ಎಲೆ ಇಲ್ಲ. ಸೈನ್ಸಿನವರು “ನೀನು ಹಿಸ್ಟರಿ” ಎಂದು ಸರಿದು ಕೂರುತ್ತಾರೆ, ಹಿಸ್ಟರಿಯವರು “ನೀನು ಸೈನ್ಸು” ಎಂದು. ನಾಲ್ವರಿದ್ದ ಬ್ಯಾಚಿನಲ್ಲಿ ಮೂವರು ಬಿಟ್ಟುಹೋದರು. ಈಗ ಫಸ್ಟ್ ರ‍್ಯಾಂಕೂ ನನ್ನದೇ, ಲಾಸ್ಟ್ ರ‍್ಯಾಂಕೂ ನನ್ನದೇ! ಸರ್ “ಎಲ್ಲರಿಗೂ ಅರ್ಥವಾಯಿತೇ?” ಎಂದರೆ ಎಲ್ಲರ ಪರವಾಗಿ ನಾನೊಬ್ಬಳೇ ತಲೆಯಾಡಿಸಬೇಕು.

ಏಪ್ರಿಲ್‌ನಲ್ಲಿ ಪ್ರಿನ್ಸಿಪಾಲರು ಕರೆದು ಹೇಳಿದರು: “ಜೂನ್ ಒಳಗೆ ಸ್ವಂತ ಪ್ರಾಜೆಕ್ಟ್ ಒಂದನ್ನು ತಾ. ಇಲ್ಲವಾದರೆ ಕೋರ್ಸ್ ಮುಚ್ಚುತ್ತೇವೆ, ನೀನು ಕೆಮಿಸ್ಟ್ರಿಗೆ ಹೋಗು. ಅಲ್ಲಿ ಮಾತಾಡಲಿಕ್ಕೆ ಜನರಾದರೂ ಇದ್ದಾರೆ.”

ನಾನು ಕೆಮಿಸ್ಟ್ರಿಗೆ? ಅಲ್ಲೇ ಭೀಷಣ ಪ್ರತಿಜ್ಞೆ ಮಾಡಿದೆ. ನಮ್ಮ ಕಡೆಯ ಮಾಳಿಗೆಗಳನ್ನು ಪುಸ್ತಕ ಓದಿದ ಹಾಗೆ ಓದಿ ತೋರಿಸುತ್ತೇನೆ! ಮಾಳಿಗೆ ಎಂದರೆ ಮಣ್ಣಿನ ಸೂರು. ಪ್ರತಿವರ್ಷ ಮಳೆಗೆ ಮುಂಚೆ ಅದರ ಮೇಲೆ ಹೊಸ ಮಣ್ಣು ಹರಡುತ್ತಾರೆ, ವರ್ಷಕ್ಕೊಂದು ಪದರ. ಕೊಯ್ದು ಎಣಿಸಿದರೆ ಮನೆಯ ಜಾತಕವೇ ಕೈಗೆ!

ದೊಡ್ಡವ್ವ ಮುನವಳ್ಳಿಯ ಮಲಕಾಜಪ್ಪ ಕಾಕಾರ ಹೆಸರು ಹೇಳಿದಳು. ಸೋಮವಾರ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಹೋದೆ. ಮದುವೆಯಾಗದ ಟೇಲರ್, ವಯಸ್ಸು ಅರವತ್ತು. ಮನೆಯಲ್ಲಿದ್ದದ್ದು ಎರಡು ಕಪ್ಪು. ಬರುವವರು ಯಾರೂ ಇಲ್ಲದ್ದರಿಂದ ದಿನಾ ಎರಡಕ್ಕೂ ಚಹಾ ಬಗ್ಗಿಸಿ, ಎರಡನ್ನೂ ತಾವೇ ಕುಡಿಯುತ್ತಿದ್ದರಂತೆ. ಅಂದು ಎರಡನೆಯದು ನನಗೆ ಬಂತು. ಹಾಸ್ಟೆಲ್ ಮೆಸ್ಸಿನಲ್ಲಿ ಪಕ್ಕದ ಖಾಲಿ ಕುರ್ಚಿಯ ಮೇಲೆ ನಾನು ಬ್ಯಾಗು ಇಡುತ್ತೇನೆ, ಯಾರೋ ಬರುವವರಿದ್ದಾರೆ ಎಂಬಂತೆ. ಹಾಗಾಗಿ ಕಪ್ಪಿನ ವಿಷಯ ನನಗೆ ಬೇಗ ಅರ್ಥವಾಯಿತು.

“ಎಷ್ಟು ಬೇಕಷ್ಟು ಅಗಿಯವಾ,” ಎಂದರು ಕಾಕಾ. “ಆದ್ರ ಮನಿ ಇಬ್ಬರ ಹೆಸರಿಲೆ ಐತಿ. ತಮ್ಮ ಪರಪ್ಪಂದೂ ಸಹಿ ತಗೋ.”

ತಮ್ಮ ಇರುವುದು ಬೈಲಹೊಂಗಲದಲ್ಲಿ, ನಮ್ಮ ದೊಡ್ಡವ್ವನ ಓಣಿಯಲ್ಲೇ. ಅವ್ವನ ಹಿತ್ತಾಳೆ ಹಂಡೆ ಯಾರಿಗೆ ಎಂಬ ಜಗಳದಲ್ಲಿ ಅಣ್ಣತಮ್ಮ ಮಾತು ಬಿಟ್ಟು ಒಂಬತ್ತು ವರ್ಷ! ಬುಧವಾರ ನಾನು ಫಾರಂ ಹಿಡಿದು ಹೋದಾಗ ಪರಪ್ಪ ಕಾಕಾ ಸಂತೆಗೆ ಹೋಗಿದ್ದರು. ಅವರ ಹೆಂಡತಿ ಸುಂದರವ್ವ ಕಾಕು ಜೋಳ ಹಸನು ಮಾಡುತ್ತಿದ್ದರು. ಪುಣೆಯ ಹಾಸ್ಟೆಲ್‌ಗಳಲ್ಲೇ ಬೆಳೆದ ನನ್ನ ಇಂಗ್ಲಿಷ್ ಮೀಡಿಯಂ ನಾಲಿಗೆಯನ್ನು ಆದಷ್ಟು ಊರ ಭಾಷೆಗೆ ತಿರುಗಿಸಿದೆ.

“ನಾಳೆ ಹತ್ತಕ್ಕ ಮುನವಳ್ಳ್ಯಾಗ ಮಲಕಾಜಪ್ಪ ಕಾಕಾರ ಮಣ್ಣೈತ್ರಿ. ಪರಪ್ಪ ಕಾಕಾರು ಬಂದ್ರ ಚೊಲೋ ಆಗ್ತೈತಿ.”

ಮೊರ ಅವರ ಕೈಯಿಂದ ಜಾರಿ ಬಿತ್ತು. “ಅಯ್ಯ ಶಿವನ! ಯಾವಾಗ ಆತವಾ?”

“ಸೋಮವಾರನ ಆತ್ರಿ.” ಅವರು ಒಪ್ಪಿದ್ದು ಸೋಮವಾರವೇ ತಾನೇ!

“ಸೋಮವಾರ? ಗುರುವಾರತನಾ ಹಂಗ ಇಟ್ಟಾರ?”

“ಹೂಂನ್ರಿ. ನಾ ಬರೂತನಾ ಯಾರೂ ಮುಟ್ಟಬ್ಯಾಡ್ರಿ ಅಂತ ನಾನ ಹೇಳೇನಿ.”

“ನೀ ಯಾರವಾ ತಾಯಿ?”

“ಸೈನ್ಸ್ ಸ್ಟೂಡೆಂಟ್ ರಿ. ಪದರ ಪದರ ಕೊಯ್ದು, ಪಾಕೀಟ ಕಟ್ಟಿ ಪುಣೆಕ್ಕ ಒಯ್ತೇನಿ.”

ಸುಂದರವ್ವ ಕಾಕು ಗೋಡೆ ಹಿಡಿದು ಕುಳಿತುಬಿಟ್ಟರು. ಸೆರಗು ಬಾಯಿಗೆ ಹೋಯಿತು, ಕಣ್ಣಲ್ಲಿ ನೀರು! ನನಗೋ ಹೃದಯ ತುಂಬಿ ಬಂತು. ಎರಡು ವರ್ಷದಲ್ಲಿ ನನ್ನ ಸಬ್ಜೆಕ್ಟನ್ನು ಇಷ್ಟು ಏಕಾಗ್ರತೆಯಿಂದ ಕೇಳಿದವರು ಯಾರಿದ್ದರು ಹೇಳಿ! “ಅಳಬ್ಯಾಡ್ರಿ, ತೂತು ಮುಚ್ಚಿಕೊಟ್ಟ ಬರತೇನಿ,” ಎಂದು ಸಮಾಧಾನವನ್ನೂ ಹೇಳಿ ಬಂದೆ.

ಗುರುವಾರ, ಪರಪ್ಪ ಕಾಕಾರ ಸಹಿ ಅವರು ಬಂದಮೇಲೆ ಆದೀತೆಂದು, ಮಾಳಿಗೆಯ ಮೇಲೆ ನಾನು, ನನ್ನ ಕರಣೆ, ಕಾಕಾರ ಛತ್ರಿ. ಕೊಯ್ದ ಮಣ್ಣಿನಲ್ಲಿ ಪದರಗಳು ಒಂದರ ಮೇಲೊಂದು ಎಷ್ಟು ಚೆಂದ! ಕೆಳಗಿನವೆಲ್ಲ ಬೆರಳು ದಪ್ಪ. ಮೇಲಿನ ಒಂಬತ್ತು ಮಾತ್ರ ಹಪ್ಪಳದ ಹಾಗೆ. ಒಂಬತ್ತು ಪಾಕೀಟು ಕಟ್ಟಿ, ನಂಬರ್ ಬರೆದು, ಸಾಲಾಗಿ ಇಟ್ಟೆ. ನೋಟ್‌ಬುಕ್ಕಿನಲ್ಲಿ ದೊಡ್ಡಕ್ಷರದಲ್ಲಿ ಬರೆದೆ: “ಕಾರಣ, ಹವಾಮಾನ ಬದಲಾವಣೆ!” ಕಾಕಾರಿಗೂ ಓದಿ ಹೇಳಿದೆ.

“ಇರಬಹುದವಾ,” ಎಂದು ಅವರು ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಅಷ್ಟರಲ್ಲಿ ಓಣಿಯಲ್ಲಿ ಟ್ರ್ಯಾಕ್ಸ್ ಜೀಪೊಂದು ಬಂದು ನಿಂತಿತು. ಹನ್ನೊಂದು ಜನ ಇಳಿದರು. ಹೂಮಾಲೆ, ಬಿಲ್ವಪತ್ರೆ, ಭಜನೆಯ ತಾಳ! ಮುಂದೆ ಪರಪ್ಪ ಕಾಕಾ, ಎದೆ ಬಡಿದುಕೊಳ್ಳುತ್ತ.

“ಅಣ್ಣಾ! ಒಂಬತ್ತ ವರ್ಷ ನಿನ್ನ ಮಾರಿ ನೋಡಲಿಲ್ಲೋ! ಹಂಡೆ ನೀನ ಇಟ್ಕೋಬೇಕಿತ್ತೋ!”

ಮಲಕಾಜಪ್ಪ ಕಾಕಾ ಮಾಳಿಗೆಯ ಅಂಚಿನಿಂದ ಬಗ್ಗಿ ನೋಡಿದರು. “ಯಾಕೋ ಪರ್ಯಾ, ಯಾರು ಸತ್ರೋ?”

“ನೀನೋ ಅಣ್ಣಾ!” ಎಂದು ಗೋಳಾಡಿದ ಮೇಲೆ ಪರಪ್ಪ ಕಾಕಾ ತಲೆ ಎತ್ತಿದರು. ತಾಳ ನಿಂತಿತು. “ಸತ್ತಿಲ್ಲಾ?”

“ಇನ್ನೂ ಇಲ್ಲಪಾ. ಏನರ ಅರ್ಜೆಂಟ್ ಐತೇನು?”

ಪರಪ್ಪ ಕಾಕಾ ಏಣಿಯನ್ನು ಹೇಗೆ ಹತ್ತಿದರೋ ಗೊತ್ತಿಲ್ಲ. ಬಂದವರೇ ಅಣ್ಣನನ್ನು ಅಪ್ಪಿ, ಬೈದು, ಮತ್ತೆ ಅಪ್ಪಿದರು. ಆ ಅಪ್ಪುಗೆಯ ಕಾಲ ಕೆಳಗೆ ನನ್ನ ಒಂಬತ್ತೂ ಪಾಕೀಟು ಒಡೆದು ಒಂದೇ ಗುಡ್ಡೆಯಾದವು. ಒಂಬತ್ತು ವರ್ಷ ಒಂಬತ್ತು ಸೆಕೆಂಡಿನಲ್ಲಿ ಕಲಸಿಹೋದವು!

ಕೆಳಗಿನಿಂದ ಸುಂದರವ್ವ ಕಾಕು ಬೆರಳು ತೋರಿಸಿ ಕೂಗಿದರು. “ಇಕೀನ! ಮಣ್ಣೈತಿ, ಪದರ ಪದರ ಕೊಯ್ತೇನಿ ಅಂದಾಕಿ ಇಕೀನ!”

ಹನ್ನೊಂದು ಜೋಡಿ ಕಣ್ಣು ನನ್ನ ಮೇಲೆ, ನನ್ನ ಕೈಯಲ್ಲಿ ಕರಣೆ! ಮಲಕಾಜಪ್ಪ ಕಾಕಾ ನಕ್ಕು ನಕ್ಕು ಅಲ್ಲೇ ಕುಳಿತರು. “ತಂಗಿ, ನಮ್ಮ ಕಡೆ ಒಬ್ಬರ ಮಣ್ಣೈತಿ ಅಂದ್ರ ಅವರನ್ನ ಹೂಳೂದೈತಿ ಅಂತ! ಮಾಳಿಗಿ ಮಣ್ಣು ಅನ್ನಬೇಕಿಲ್ಲೋ?”

ಐದು ವಿಜ್ಞಾನ ಕಲಿಸಿದವರು ನನಗೆ ಈ ಒಂದು ಮಾತು ಕಲಿಸಿರಲಿಲ್ಲ.

ಆಮೇಲೆ ಚಹಾ ಆಯಿತು. ಹನ್ನೊಂದು ಜನಕ್ಕೆ ಎರಡೇ ಕಪ್ಪು! ಒಬ್ಬರು ಕುಡಿದು ತೊಳೆದು ಇನ್ನೊಬ್ಬರಿಗೆ. ಕಾಕಾ ತಮ್ಮದೇ ಹೂಮಾಲೆ ಹಾಕಿಕೊಂಡು ಬಗ್ಗಿಸಿದ್ದೇ ಬಗ್ಗಿಸಿದ್ದು. ಮಾನ ಉಳಿಸಿಕೊಳ್ಳಲು ನಾನು ಪರಪ್ಪ ಕಾಕಾರಿಗೆ ತೂತು ತೋರಿಸಿ ಹವಾಮಾನದ ಭಾಷಣ ಶುರುಮಾಡಿದೆ. ಅವರು ಬಗ್ಗಿ ಆ ತೆಳು ಪದರಗಳ ಮೇಲೆ ಬೆರಳಾಡಿಸಿದರು.

“ಇದು ಮಳಿ ಅಲ್ಲ ತಂಗಿ. ಕೆಳಗ ಬುಟ್ಟಿ ತುಂಬಿ ಕೊಡಾಂವ ನಾ ಇದ್ದೆ, ಮ್ಯಾಲ ಹಿಡಕೊಳ್ಳಾಂವ ಅಣ್ಣ. ಒಬ್ಬನ ತುಂಬಿ, ಒಬ್ಬನ ಹೊತ್ತು ಹತ್ತಿದ್ರ ಇಷ್ಟ ಮಣ್ಣ ಬೀಳೂದು.”

ನಾನು ಪೆನ್ನು ತೆಗೆದು ‘ಹವಾಮಾನ’ ಹೊಡೆದುಹಾಕಿದೆ.

ಪರಪ್ಪ ಕಾಕಾ ನನ್ನ ಫಾರಂಗೆ ಸಹಿ ಹಾಕಿದರು. ಅಣ್ಣನ ಕಡೆ ನೋಡದೆಯೇ ಹೇಳಿದರು: “ಬರೂ ಗುರುವಾರ ಎರಡು ಚಕ್ಕಡಿ ಮಣ್ಣ ತರಸ್ತೇನಿ.”

“ಬುಟ್ಟಿ ಐತಿ,” ಎಂದರು ಅಣ್ಣ, ಅವರೂ ನೋಡದೆ. ಆಮೇಲೆ ನನಗೆ: “ನೀನೂ ಬಾರವಾ. ಹೊಸಾದು ಹಾಕೂಕಿಂತ ಮೊದಲ ನಿನ್ನ ಒಂಬತ್ತು ಮತ್ತ ಕೊಯ್ಕೋ.”

ಸಂಜೆ ಮನೆಗೆ ಬಂದವಳೇ ಅಡುಗೆಮನೆಗೆ ಓಡಿದೆ. “ದೊಡ್ಡವ್ವಾ, ನನಗೊಂದು ಕಪ್ಪು ಕೊಡು, ಮುನವಳ್ಳ್ಯಾಗ ಕಡಿಮಿ ಬೀಳ್ತಾವು. ಬರೂ ಗುರುವಾರ ಮತ್ತ ಮಲಕಾಜಪ್ಪ ಕಾಕಾರ ಮ—”

ದೊಡ್ಡವ್ವ ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು.

“ಮನೀಗೆ ಹೊಂಟೇನಿ ಅನ್ನು. ಅಷ್ಟ ಅನ್ನು!”